ಸೊಸೈಟಿ ಮೀಟಿಂಗಿನಲ್ಲಿ ಬೆಂಥಮ್

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಸೊಸೈಟಿಯ ಮೀಟಿಂಗ್ ಇತ್ತು. ನಾವಿರುವುದು ಡೊಂಬಿವಲಿಯಲ್ಲಿ. ಮೂರು ಮಾಳಿಗೆಯ ಹಳೇ ಕಟ್ಟಡ, 24 ಮನೆ, ಲಿಫ್ಟ್ ಇಲ್ಲ, ಮಳೆಗಾಲ ಬಂತೆಂದರೆ ಮೇಲಿನ ಮನೆಯವರು ಮಂಚದ ಪಕ್ಕ ಬಕೆಟ್ ಇಟ್ಟುಕೊಂಡೇ ಮಲಗಬೇಕು. ಮೀಟಿಂಗಿನ ವಿಷಯ ರೀಡೆವಲಪ್‌ಮೆಂಟ್. ಮುಂಬಯಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಲ್ಡರ್ ಬರುತ್ತಾನೆ, ಇದ್ದದ್ದನ್ನು ಕೆಡವುತ್ತಾನೆ, ಮೂರು ವರ್ಷ ನಮ್ಮ ಬಾಡಿಗೆ ಕಟ್ಟುತ್ತಾನೆ, ಆಮೇಲೆ ಎಲ್ಲರಿಗೂ ಈಗಿನದಕ್ಕಿಂತ ದೊಡ್ಡ ಮನೆ. ಇದಕ್ಕೆ ಮೊದಲು ಇನ್ನೂ ಹೆಚ್ಚು ಸದಸ್ಯರ ಒಪ್ಪಿಗೆ ಬೇಕಿತ್ತು, 2019ರಲ್ಲಿ ಅದು ಶೇ 51ಕ್ಕೆ ಇಳಿಯಿತು.

ಸೆಕ್ರೆಟರಿ ನಮ್ಮ ಕಾರ್ಕಳದ ಕಡೆಯವರು. ಎದ್ದು ನಿಂತು ಹೇಳಿದರು: "ಜಾಸ್ತಿ ಜನಕ್ಕೆ ಜಾಸ್ತಿ ಒಳ್ಳೇದಾಗೋದು ಯಾವುದೋ ಅದೇ ಸರಿ, ಅಲ್ವಾ?" ಎಲ್ಲರೂ ಹೌದು ಹೌದು ಅಂದರು. ಕೆಳಗಿನ ಮನೆಯ ಅಜ್ಜಿ ಮಾತ್ರ ಕುರ್ಚಿಯಿಂದಲೇ ಕೇಳಿದರು: "ಮೂರು ವರ್ಷ ಅಂದಿರಲ್ಲ ಮಾರಾಯ್ರೆ, ನನಗೀಗ ಎಂಬತ್ತನಾಲ್ಕು. ದೊಡ್ಡ ಮನೆ ತಕೊಂಡು ನಾನೇನು ಮಾಡ್ಲಿ?"

ಯಾರೂ ಉತ್ತರ ಕೊಡಲಿಲ್ಲ. 17 ಕೈ ಮೇಲೆದ್ದವು. ಒಂದು ಕೈ ನನ್ನದು.

ಸೆಕ್ರೆಟರಿ ಅಷ್ಟು ಸಲೀಸಾಗಿ ಹೇಳಿದ ಮಾತಿಗೆ ಮುನ್ನೂರು ವರ್ಷದ ಚರಿತ್ರೆ ಇದೆ. ಪುಸ್ತಕಗಳಲ್ಲಿ ಇದನ್ನು ಉಪಯುಕ್ತತಾವಾದ ಅನ್ನುತ್ತಾರೆ. ಹೆಸರು ಭಾರ, ವಿಷಯ ಹಗುರ: ಒಂದು ಕೆಲಸ ಸರಿಯೋ ತಪ್ಪೋ ಅನ್ನುವುದನ್ನು ಅದರಿಂದ ಎಷ್ಟು ಸುಖ ಹುಟ್ಟಿತು, ಎಷ್ಟು ದುಃಖ ಹುಟ್ಟಿತು ಅಂತ ನೋಡಿ ಹೇಳಬೇಕು. ಶಾಸ್ತ್ರ ಏನು ಹೇಳುತ್ತದೆ, ರಾಜ ಏನು ಹೇಳುತ್ತಾನೆ ಅನ್ನುವುದೆಲ್ಲ ಆಮೇಲೆ.

ರೇಡಿಯೋ ಕೇಳುವವರಿಗೆ ಇದೇನೂ ಹೊಸದಲ್ಲ. 'ಬಹುಜನ ಹಿತಾಯ ಬಹುಜನ ಸುಖಾಯ' ಅನ್ನುವುದು ಆಕಾಶವಾಣಿಯ ಧ್ಯೇಯವಾಕ್ಯವೇ ಆಗಿದೆ. ಬುದ್ಧ ತನ್ನ ಮೊದಲ ಅರವತ್ತು ಭಿಕ್ಷುಗಳನ್ನು ಊರೂರಿಗೆ ಕಳಿಸುವಾಗ ಹೇಳಿದ್ದೆಂದು ಪಾಲಿ ಗ್ರಂಥಗಳಲ್ಲಿ ಬರುವ ಮಾತು ಅದು. ಆದರೆ ಅಲ್ಲಿ ಹೊರಟವರು ಭಿಕ್ಷುಗಳು, ಕೊಡಲು ಹೊರಟವರು. ಯಾರ ಮನೆಯನ್ನೂ ಕೆಡವಲು ಹೊರಟವರಲ್ಲ!

ಯುರೋಪಿನಲ್ಲಿ 'ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖ' ಅನ್ನುವ ಮಾತನ್ನು 1725ರಲ್ಲಿ ಬರೆದವನು ಫ್ರಾನ್ಸಿಸ್ ಹಚಿಸನ್. ಅದನ್ನು ಹಿಡಿದು ಕಾನೂನಿನ ಬುಡ ಅಲ್ಲಾಡಿಸಿದವನು ಲಂಡನ್ನಿನ ಜೆರೆಮಿ ಬೆಂಥಮ್. ಹುಟ್ಟಿದ್ದು 1748, ತೀರಿಕೊಂಡದ್ದು 1832. ಓದಿದ್ದು ವಕೀಲಿ, ಆದರೆ ಕೋರ್ಟಿಗಿಂತ ಕಾನೂನನ್ನು ಬೈಯುವುದರಲ್ಲೇ ಆಯುಷ್ಯ ಕಳೆದ. ಸುಖಕ್ಕೂ ದುಃಖಕ್ಕೂ ಅಳತೆ ಇದೆ ಅಂದ. ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಖಚಿತ, ಎಷ್ಟು ಬೇಗ ಸಿಗುತ್ತದೆ, ಎಷ್ಟು ಜನಕ್ಕೆ ಸಿಗುತ್ತದೆ, ಹೀಗೆ ಒಟ್ಟು ಏಳು. ಕಿರಾಣಿ ಅಂಗಡಿಯ ವಹಿಯ ಹಾಗೆ ಕಾಣುತ್ತದೆ, ನಿಜ. ಆದರೆ ಸಣ್ಣ ಕಳ್ಳತನಕ್ಕೂ ಗಲ್ಲಿಗೇರಿಸುತ್ತಿದ್ದ ಕಾಲದಲ್ಲಿ ಒಬ್ಬ ಮನುಷ್ಯ ಎದ್ದು, ಶಿಕ್ಷೆಯೂ ಒಂದು ದುಃಖವೇ, ಅದರಿಂದ ಅದಕ್ಕಿಂತ ದೊಡ್ಡ ದುಃಖ ತಪ್ಪದಿದ್ದರೆ ಆ ಶಿಕ್ಷೆ ಯಾಕೆ ಅಂತ ಕೇಳಿದ್ದು ಸಣ್ಣ ಮಾತಲ್ಲ. ಪ್ರಾಣಿಗಳ ವಿಷಯದಲ್ಲೂ ಹಾಗೇ. ಅವಕ್ಕೆ ಬುದ್ಧಿ ಇದೆಯೋ, ಮಾತು ಬರುತ್ತದೋ ಅಂತ ಕೇಳಬೇಡಿ, ನೋವಾಗುತ್ತದೋ ಕೇಳಿ ಅಂದ.

ಸತ್ತ ಮೇಲೂ ಉಪಯೋಗಕ್ಕೆ ಬರಬೇಕೆಂದು ದೇಹವನ್ನು ಡಾಕ್ಟರುಗಳಿಗೆ ಬರೆದುಕೊಟ್ಟ. ಅವನ ಎಲುಬಿಗೆ ಹುಲ್ಲು ತುಂಬಿ, ಅವನದೇ ಬಟ್ಟೆ ತೊಡಿಸಿ, ಮೇಣದ ತಲೆ ಕೂರಿಸಿ ಕುರ್ಚಿಯಲ್ಲಿಟ್ಟಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈಗಲೂ ಇದೆ.

ಬೆಂಥಮನ ಶಿಷ್ಯ ಜೇಮ್ಸ್ ಮಿಲ್. ಇವನನ್ನು ನೆನೆದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. 1817ರಲ್ಲಿ ಹಿಂದೂಸ್ತಾನದ ಚರಿತ್ರೆಯನ್ನು ದಪ್ಪದಪ್ಪ ಸಂಪುಟಗಳಲ್ಲಿ ಬರೆದ. ಇಲ್ಲಿಗೆ ಒಂದು ಸಲವೂ ಬಂದವನಲ್ಲ, ಇಲ್ಲಿಯ ಒಂದು ಭಾಷೆಯೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಸರಿಯಾಗಿ ತೂಗಬಲ್ಲೆ ಅಂತ ಮುನ್ನುಡಿಯಲ್ಲಿ ಬೇರೆ ಬರೆದುಕೊಂಡ. ಎರಡು ವರ್ಷದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು.

ಅಂಥವರು ಅಲ್ಲಿ ಕೂತು ಹಾಕಿದ ಲೆಕ್ಕ ಇಲ್ಲಿ ಏನು ಮಾಡಿತು ಗೊತ್ತಾ? ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಇಂದಾಪುರ ಬರುತ್ತದೆ, ಊರಿಗೆ ಬಸ್ಸಿನಲ್ಲಿ ಹೋಗುವ ಎಷ್ಟೋ ಜನ ನೋಡಿರುತ್ತೀರಿ. ಸಾಗುವಳಿಯ ಖರ್ಚು ಕಳೆದು ಉಳಿದದ್ದರ ಮೇಲೆ ಮಾತ್ರ ಕಂದಾಯ ಹಾಕಿದರೆ ಯಾರಿಗೂ ನೋವಿಲ್ಲ ಅನ್ನುವುದು ಜೇಮ್ಸ್ ಮಿಲ್ ಮತ್ತು ಅವನ ಗೆಳೆಯ, ಅರ್ಥಶಾಸ್ತ್ರಜ್ಞ ರಿಕಾರ್ಡೊ ಅವರ ವಿಚಾರ. ಕಾಗದದ ಮೇಲೆ ಚೊಕ್ಕವಾಗಿದೆ. 1830ರ ಸುಮಾರಿಗೆ ಪ್ರಿಂಗಲ್ ಅನ್ನುವ ಅಧಿಕಾರಿ ಪುಣೆ ಸೀಮೆಯ ಹೊಲಗಳನ್ನೆಲ್ಲ ಮೋಜಣಿ ಮಾಡಿಸಿ, ಉಳಿಕೆಯಲ್ಲಿ ಶೇ 55 ಸರಕಾರಕ್ಕೆ ಅಂತ ಗೊತ್ತುಮಾಡಿದ. ಅಳತೆ ತಪ್ಪಿತ್ತು, ಅಂದಾಜು ತಪ್ಪಿತ್ತು. ಎಷ್ಟೋ ರೈತರು ಹೊಲ ಬಿಟ್ಟು ಹೋದರು. ಕೊನೆಗೆ 1836ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನುವ ಅಧಿಕಾರಿಗಳು ಇಂದಾಪುರದಲ್ಲಿ ಆ ಲೆಕ್ಕ ಕೈಬಿಟ್ಟು, ಮಣ್ಣು ನೋಡಿ, ಹಿಂದೆ ರೈತರು ನಿಜವಾಗಿ ಎಷ್ಟು ಕಟ್ಟುತ್ತಿದ್ದರು ಅನ್ನುವುದನ್ನೂ ನೋಡಿ ದರ ಇಳಿಸಿದರು. ಆ ಪದ್ಧತಿಯೇ ಆಮೇಲೆ ಮುಂಬಯಿ ಪ್ರಾಂತ್ಯದ ನಮ್ಮ ಧಾರವಾಡ, ಬೆಳಗಾವಿ ಕಡೆಗೂ ಬಂತು.

ಜೇಮ್ಸ್ ಮಿಲ್ ಮಗ ಜಾನ್ ಸ್ಟುವರ್ಟ್ ಮಿಲ್. ಅಪ್ಪ ಅವನಿಗೆ ಮೂರನೇ ವಯಸ್ಸಿಗೇ ಗ್ರೀಕ್ ಕಲಿಸಲು ಕೂತಿದ್ದ, ಪಾಪ. ಇಪ್ಪತ್ತನೇ ವಯಸ್ಸಿನಲ್ಲಿ ಒಂದು ದಿನ ಹುಡುಗ ತನ್ನನ್ನೇ ಕೇಳಿಕೊಂಡ: ನಾನು ಬಯಸಿದ ಸುಧಾರಣೆಯೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನನಗೆ ಸುಖವಾಗುತ್ತದಾ? ಇಲ್ಲ ಅಂತ ಒಳಗಿನಿಂದ ಉತ್ತರ ಬಂತು. ಕುಸಿದುಹೋದ. ಎಬ್ಬಿಸಿದ್ದು ವರ್ಡ್ಸ್‌ವರ್ತ್‌ನ ಕವಿತೆ. ಮುಂದೆ ಸುಖದಲ್ಲಿ ಎಷ್ಟು ಅನ್ನುವುದು ಮಾತ್ರವಲ್ಲ, ಎಂಥದ್ದು ಅನ್ನುವುದೂ ಇದೆ ಅಂತ ವಾದಿಸಿದ. 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ, 1869ರಲ್ಲಿ ಹೆಂಗಸರ ಹಕ್ಕಿನ ಬಗ್ಗೆ ಅವನು ಬರೆದದ್ದು ಇವತ್ತು ಓದಿದರೂ ಬಿಸಿ ಇದೆ. ಅವನೂ 35 ವರ್ಷ ಕಂಪನಿಯ ನೌಕರನೇ. ಅವನೂ ಇಲ್ಲಿಗೆ ಬರಲಿಲ್ಲ.

1971ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಈ ವಾದಕ್ಕೆ ಒಳ್ಳೇ ಪೆಟ್ಟು ಕೊಟ್ಟ: ಒಬ್ಬರ ನಷ್ಟ ಇನ್ನೊಬ್ಬರ ಲಾಭದಲ್ಲಿ ಮುಚ್ಚಿಹೋಗುವುದಿಲ್ಲ, ಯಾಕೆಂದರೆ ಅವರು ಬೇರೆ ಬೇರೆ ಮನುಷ್ಯರು.

ಆದರೆ ನನಗೆ ಬೆರಗಾದದ್ದು ಬೇರೆ. ಬೆಂಥಮನೇ ಮುದುಕನಾದ ಮೇಲೆ 'ಅತಿ ಹೆಚ್ಚು ಜನ' ಅನ್ನುವ ಭಾಗವನ್ನು ಕೈಬಿಟ್ಟಿದ್ದ. ಒಂದು ಊರಿನಲ್ಲಿ 4001 ಜನ ಅಂದುಕೊಳ್ಳಿ, 2001 ಒಂದು ಕಡೆ, 2000 ಇನ್ನೊಂದು ಕಡೆ. ಆ 2000 ಜನರ ಸುಖ ಕಿತ್ತು ಈ 2001ಕ್ಕೆ ಹಂಚಿದರೆ ಒಟ್ಟು ಮೊತ್ತ ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ ಅಂತ 1829ರಲ್ಲಿ ಬರೆದ. ಸರಿಯಾಗಿ ನೋಡಿದರೆ ನಮ್ಮ ಶೇ 51!

ಅಂದರೆ ಆ ದಿನ ನಾವು ಬೆಂಥಮನ ಲೆಕ್ಕ ಮಾಡಲೇ ಇಲ್ಲ, ಬರೀ ಕೈ ಎಣಿಸಿದೆವು. ಲೆಕ್ಕ ಹಾಕಿದ್ದು ಅಜ್ಜಿ. ಎಷ್ಟು ಕಾಲ, ಎಷ್ಟು ಖಚಿತ ಅಂತ ಕೇಳಿದ್ದು ಅವರೇ ತಾನೇ?

ಅಜ್ಜಿಯ ಯಜಮಾನರು ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಆ ದುಡ್ಡಿನಲ್ಲಿ ಕೊಂಡ ಮನೆ ಅದು. ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ನಮ್ಮ ಗಲ್ಲಿಯಲ್ಲೇ ಕೆಳಗಿನ ಮನೆ ಬೇಕೆಂದರೆ ಬಿಲ್ಡರ್ ಕೊಡುವ ಬಾಡಿಗೆಗಿಂತ ತಿಂಗಳಿಗೆ ಆರು ಸಾವಿರ ಜಾಸ್ತಿ. ಮಿಕ್ಕ 23 ಮನೆಗೆ ಹಂಚಿದರೆ ಒಂದೊಂದಕ್ಕೆ ಸುಮಾರು 260 ರೂಪಾಯಿ. ಈ ಭಾನುವಾರ ಮತ್ತೆ ಮೀಟಿಂಗ್ ಇದೆ. ಅಜೆಂಡಾದಲ್ಲಿ ಈ ವಿಷಯ ಇಲ್ಲ. ಕೊನೆಯಲ್ಲಿ, ಅರ್ಧ ಜನ ಚಪ್ಪಲಿ ಹುಡುಕುತ್ತಿರುವಾಗ, 'ಇತರೆ ವಿಷಯಗಳು' ಅಂತ ಬರುತ್ತದಲ್ಲ, ಅಲ್ಲಿ ಎತ್ತಬೇಕು ಅಂದುಕೊಂಡಿದ್ದೇನೆ.

ನಮಸ್ಕಾರ.