ಊಟದ ಮಾತು, ಇಂಗ್ಲಿಷ್ ಬರಹದಲ್ಲಿ

ಕೇಳುಗರಿಗೆ ನಮಸ್ಕಾರ.

ಕನ್ನಡದಲ್ಲಿ ಊಟ ಮಾಡುತ್ತೇವೆ, ತಿಂಡಿ ತಿನ್ನುತ್ತೇವೆ, ಕಾಫಿ ಕುಡಿಯುತ್ತೇವೆ. ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಒಂದೇ ಪುಟ್ಟ ಪದ ಸಾಕು: ಹ್ಯಾವ್. ಐ ಹ್ಯಾಡ್ ಬ್ರೇಕ್‌ಫಾಸ್ಟ್. ವಿ ಹ್ಯಾಡ್ ಕಾಫಿ. ಆದರೆ ಬರೆಯಲು ಕೂತಾಗ ನಮ್ಮ ಕೈ ಟೇಕ್ ಕಡೆಗೆ ಹೋಗುತ್ತದೆ, ಅಲ್ವಾ? ಐ ಟುಕ್ ಮೈ ಫುಡ್ ಅಂತ ಬರೆದುಬಿಡುತ್ತೇವೆ. ಓದುವವರಿಗೆ ಅದು ಬುತ್ತಿ ಎತ್ತಿಕೊಂಡು ಹೊರಟ ಹಾಗೆ ಕೇಳಿಸುತ್ತದೆ. ಟೇಕ್ ಮಾತ್ರೆಗೆ, ಔಷಧಿಗೆ ಇರಲಿ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಲಂಚ್ ಪದ ಒಂಟಿಯಾಗಿದ್ದರೆ ಅದಕ್ಕೆ ಎ ಬೇಡ, ದಿ ಕೂಡ ಬೇಡ. ವಿ ಹ್ಯಾಡ್ ಲಂಚ್ ಅಟ್ ಒನ್. ಅಷ್ಟೇ. ಆದರೆ ಆ ಊಟ ಎಂಥದ್ದು ಅಂತ ಹೇಳಿ ನೋಡಿ, ಎ ತಾನಾಗಿ ಬಂದು ಕೂರುತ್ತದೆ. ವಿ ಹ್ಯಾಡ್ ಎ ಲೇಟ್ ಲಂಚ್. ಶಿ ಹ್ಯಾಡ್ ಎ ಲೈಟ್ ಡಿನ್ನರ್. ಯಾಕೆ ಹೀಗೆ? ಬರೀ ಲಂಚ್ ಅಂದರೆ ದಿನಾ ಬರುವ ಒಂದು ಹೊತ್ತು. ಲೇಟ್ ಲಂಚ್ ಅಂದ ಕೂಡಲೇ ಅದು ಎಷ್ಟೋ ಊಟಗಳಲ್ಲಿ ಒಂದು ಊಟ. ಇನ್ನು ದಿ ಬೇಕೋ ಬೇಡವೋ ಅಂತ ಅನುಮಾನ ಬಂದರೆ ಕನ್ನಡದಲ್ಲಿ ಹೇಳಿಕೊಳ್ಳಿ. 'ಅವರು ಕೊಟ್ಟ ಆ ಊಟ' ಅಂತ ಬಂದರೆ ದಿ ಲಂಚ್ ದೇ ಗೇವ್ ಅಸ್. ನಮ್ಮ 'ಆ' ಇದ್ದ ಕಡೆ ದಿ ಸಾಮಾನ್ಯವಾಗಿ ಹೊಂದುತ್ತದೆ. ಮೀಲ್ ಮಾತ್ರ ಬೇರೆ ಜಾತಿ. ಐ ಹ್ಯಾಡ್ ಮೀಲ್ ಅನ್ನುವಂತಿಲ್ಲ, ಐ ಹ್ಯಾಡ್ ಎ ಮೀಲ್ ಅಂತಲೇ ಬರೆಯಬೇಕು.

ಏನು ತಿಂದಿರಿ ಅಂತ ಹೇಳಲು ಫಾರ್ ಲಂಚ್. ಊಟ ಮಾಡುತ್ತಾ ಮಾತಾಡಿದ್ದಕ್ಕೆ ಓವರ್ ಲಂಚ್. ಹೋಟೆಲಿನಲ್ಲಿ ಉಂಡರೆ ಈಟ್ ಔಟ್. ಈಟ್ ಔಟ್‌ಸೈಡ್ ಅಂತ ಬರೆದರೆ ಬಯಲಿನಲ್ಲಿ ಕೂತು ಉಂಡಿರಿ ಅಂತಾಗುತ್ತದೆ.

ಕಾಗುಣಿತದ ಒಂದು ಮಾತನ್ನು ಹೇಳಲೇಬೇಕು. ಡಿನ್ನರ್‌ಗೆ ನಡುವೆ ಎರಡು ಎನ್. ಡೈನಿಂಗ್‌ಗೆ ಒಂದೇ. ಊಟದ ಕೋಣೆಯ ಫಲಕದಲ್ಲಿ ಅಲ್ಲೂ ಎರಡು ಬರೆದರೆ ಗದ್ದಲ ಅನ್ನುವ ಅರ್ಥದ ಪದವಾಗಿಬಿಡುತ್ತದೆ. ಹಾಗೇ ಬ್ರೇಕ್‌ಫಾಸ್ಟ್ ಒಂದೇ ಪದ. ಅದನ್ನು ಬಿಡಿಸಿ ಬರೆದರೆ ಉಪವಾಸ ಮುರಿಯುವುದು ಅಂತ ಅರ್ಥ. ಪದ ಹುಟ್ಟಿದ್ದೂ ಅಲ್ಲಿಂದಲೇ, ರಾತ್ರಿಯಿಡೀ ಇದ್ದ ಉಪವಾಸ ಮುಗಿಯಿತು ಅಂತ.

ಡಿನ್ನರ್ ಅಂದರೆ ಹಿಂದೆ ದಿನದ ದೊಡ್ಡ ಊಟ, ಹೆಚ್ಚಾಗಿ ಮಧ್ಯಾಹ್ನದ್ದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಇವತ್ತಿಗೂ ಎಷ್ಟೋ ಜನ ಮಧ್ಯಾಹ್ನದ ಊಟಕ್ಕೇ ಡಿನ್ನರ್ ಅನ್ನುತ್ತಾರೆ. ಹಾಗಾಗಿ ಯಾರನ್ನಾದರೂ ಡಿನ್ನರ್‌ಗೆ ಕರೆದು ಬರೆಯುವಾಗ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ. ನಮಸ್ಕಾರ.