ಕಲ್ಲು ಇಡೋ ಹುಡುಗ ತೂಕಡಿಸಿದ್ರೆ: ನೆಟ್‌ವರ್ಕ್ ಡ್ರೈವರ್ ಕೌಂಟರ್‌ಗಳ ಓವರ್‌ಫ್ಲೋ ಟೆಸ್ಟ್ ಮಾಡೋದು ಹೇಗೆ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದೆ ಅಲ್ವಾ? ಸರಿ, ಶುರು ಮಾಡ್ತೀನಿ.

ನಾನು ತುಮಕೂರು ಕಡೆ ಹಳ್ಳಿಯವನು. ಸುಗ್ಗಿ ಟೈಮಲ್ಲಿ ಕಣದಲ್ಲಿ ರಾಗಿ ಅಳೀತಿದ್ರು. ತಾತ ಕೊಳಗ ತುಂಬಿ ತುಂಬಿ ಸುರೀತಿದ್ರು, ಮೊದಲ್ನೇದಕ್ಕೆ ಒಂದು ಅನ್ನಲ್ಲ, ಲಾಭ ಅಂತಾರೆ, ಆಮೇಲೆ ಎರಡು, ಮೂರು ಅಂತ ಇಪ್ಪತ್ತರ ತನಕ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇಪ್ಪತ್ತು ಅಂದ ತಕ್ಷಣ ಪಕ್ಕದಲ್ಲಿ ಕೂತಿರೋ ಹುಡುಗ ಒಂದು ಕಲ್ಲು ಇಡ್ಬೇಕು, ತಾತ ಮತ್ತೆ ಲಾಭದಿಂದ ಶುರು ಮಾಡ್ತಾರೆ. ಕೊನೇಲಿ ಕಲ್ಲು ಎಷ್ಟು, ಮೇಲೆ ಕೊಳಗ ಎಷ್ಟು ಅಂತ ನೋಡಿದ್ರೆ ಲೆಕ್ಕ ಮುಗೀತು. ಹುಡುಗ ತೂಕಡಿಸಿ ಒಂದು ಕಲ್ಲು ಬಿಟ್ಟ ಅಂದ್ಕೊಳ್ಳಿ. ಲೆಕ್ಕ ತಪ್ಪೋದು ಮೂರು ಕೊಳಗ ಏಳು ಕೊಳಗ ಅಲ್ಲ, ತಪ್ಪಿದ್ರೆ ಪೂರ್ತಿ ಇಪ್ಪತ್ತು, ಇಲ್ಲಾ ನಲವತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ, ಇವತ್ತಿನ ಮಾತೆಲ್ಲಾ ಇದರ ಸುತ್ತಾನೇ ಬರತ್ತೆ.

ನೆಟ್‌ವರ್ಕ್ ಕಾರ್ಡ್ ಒಳಗೆ ಎಷ್ಟು ಬೈಟ್ ಬಂತು, ಎಷ್ಟು ಹೋಯ್ತು, ಎಷ್ಟು ಪ್ಯಾಕೆಟ್ ಕೆಟ್ಟೋಯ್ತು ಅಂತ ಎಣಿಸೋ ಕೌಂಟರ್‌ಗಳು ಇರ್ತವೆ. ಎಷ್ಟೋ ಚಿಪ್‌ಗಳಲ್ಲಿ ಇವು 32 ಬಿಟ್. 32 ಬಿಟ್‌ನಲ್ಲಿ 4,29,49,67,295ರ ತನಕ ಎಣಿಸಬಹುದು, ಅದರ ಮೇಲೆ ಒಂದು ಬಂದ್ರೆ ಸೊನ್ನೆ. ಓವರ್‌ಫ್ಲೋ ಅನ್ನೋದು ಇದನ್ನೇ, ನಾನು ಸುತ್ತು ಅಂತೀನಿ. ಹಾರ್ಡ್‌ವೇರ್ ಅಂದ್ರೆ ಕೊಳಗ ಅಳೆಯೋ ತಾತ, ಆ ಕಾರ್ಡನ್ನ ನಡೆಸೋ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಕಲ್ಲು ಇಡೋ ಹುಡುಗ. ಹಾರ್ಡ್‌ವೇರ್ ಸುತ್ತು ಹಾಕಿದಾಗೆಲ್ಲ ಡ್ರೈವರ್ ತನ್ನ 64 ಬಿಟ್ ಲೆಕ್ಕದಲ್ಲಿ ಒಂದು ಕಲ್ಲು ಇಡ್ಬೇಕು. ಇಡ್ತಾನಾ ಇಲ್ವಾ ಅಂತ ನೋಡೋದೇ ನಮ್ಮ ಟೆಸ್ಟ್.

ಈ ಸುತ್ತು ಎಷ್ಟು ಬೇಗ ಆಗತ್ತೆ ಅಂತ ಮೊದಲು ನೋಡಿ. 10 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸೋ ಲಿಂಕ್ ಪೂರ್ತಿ ತುಂಬಿ ಓಡಿದ್ರೆ ಬೈಟ್ ಕೌಂಟರ್ ಸುತ್ತೋಕೆ 57 ನಿಮಿಷ ಬೇಕು. 100 ಎಂಬಿಪಿಎಸ್‌ಗೆ 5.7 ನಿಮಿಷ, ಒಂದು ಗಿಗಾಬಿಟ್‌ಗೆ 34 ಸೆಕೆಂಡ್, 10 ಗಿಗಾಬಿಟ್‌ಗೆ ಬರೀ 3.4 ಸೆಕೆಂಡ್. ಅದಕ್ಕೇ 2000ನೇ ಇಸವಿಯಲ್ಲಿ ಬಂದ ಆರ್‌ಎಫ್‌ಸಿ 2863 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆ ಸ್ಪಷ್ಟವಾಗಿ ಹೇಳತ್ತೆ, 20 ಎಂಬಿಪಿಎಸ್ ತನಕ 32 ಬಿಟ್ ಸಾಕು, ಅದಕ್ಕಿಂತ ಮೇಲಾದ್ರೆ ಬೈಟ್ ಲೆಕ್ಕಕ್ಕೆ 64 ಬಿಟ್ ಬೇಕೇ ಬೇಕು, 650 ಎಂಬಿಪಿಎಸ್‌ನಿಂದ ಆಚೆಗೆ ಪ್ಯಾಕೆಟ್ ಲೆಕ್ಕಕ್ಕೂ 64 ಬಿಟ್ ಬೇಕು ಅಂತ. 64 ಬಿಟ್ ಕೌಂಟರ್ ಒಂದು ಟೆರಾಬಿಟ್ ಲಿಂಕಲ್ಲೂ ಸುತ್ತೋಕೆ ಹತ್ತಿರ ಹತ್ತಿರ 5 ವರ್ಷ ತಗೊಳತ್ತೆ.

ಈಗ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ ಕೇಸ್ ಹೇಳ್ತೀನಿ. ಕಂಪನಿ ಹೆಸರು ಬೇಡ. ಒಂದು ಚಿಕ್ಕ ರೌಟರ್ ಬೋರ್ಡ್, 32 ಬಿಟ್ ಪ್ರೊಸೆಸರ್, ಗಿಗಾಬಿಟ್ ಪೋರ್ಟ್. ರಾತ್ರಿ ಬ್ಯಾಕಪ್ ಓಡುವಾಗ ಲಿಂಕ್ ಸ್ಲೋ ಆಗ್ತಿದೆ ಅಂತ ಕಸ್ಟಮರ್ ಕಂಪ್ಲೇಂಟ್, ಆದ್ರೆ ಗ್ರಾಫ್ ನೋಡಿದ್ರೆ ಅದೇ ಹೊತ್ತಲ್ಲಿ ಟ್ರಾಫಿಕ್ 85 ಎಂಬಿಪಿಎಸ್ ಅಷ್ಟೇ. ಇಷ್ಟು ಕಮ್ಮಿ ಟ್ರಾಫಿಕ್‌ಗೆ ಯಾಕೆ ಸ್ಲೋ ಅಂತ ಎರಡು ವಾರ ಎಲ್ಲರೂ ಕ್ಯೂ, ಬಫರ್, ಕೇಬಲ್ ಅಂತ ಹುಡುಕಿದ್ದೇ ಹುಡುಕಿದ್ದು. ನಿಜವಾಗಿ ಓಡ್ತಿದ್ದಿದ್ದು 200 ಎಂಬಿಪಿಎಸ್. ಮಾನಿಟರಿಂಗ್ ಟೂಲ್ 5 ನಿಮಿಷಕ್ಕೊಂದ್ಸಲ ಓದ್ತಿತ್ತು. 300 ಸೆಕೆಂಡಲ್ಲಿ 200 ಎಂಬಿಪಿಎಸ್ ಅಂದ್ರೆ 750 ಕೋಟಿ ಬೈಟ್, ಅದ್ರಲ್ಲಿ ಒಂದು ಸುತ್ತು ಅಂದ್ರೆ 4,29,49,67,296 ಕಳೆದೋದ್ರೆ ಉಳಿಯೋದು 3,20,50,32,704, ಅದನ್ನ 8ರಿಂದ ಗುಣಿಸಿ 300ರಿಂದ ಭಾಗಿಸಿ, ಹತ್ತಿರ ಹತ್ತಿರ 85 ಎಂಬಿಪಿಎಸ್ ಬರತ್ತೆ. 32 ಬಿಟ್ ಕೌಂಟರನ್ನ 5 ನಿಮಿಷಕ್ಕೊಮ್ಮೆ ಓದಿದ್ರೆ ಕಾಣೋ ಗರಿಷ್ಠ ವೇಗಾನೇ 114.5 ಎಂಬಿಪಿಎಸ್. 115 ಓಡಿದ್ರೆ ಗ್ರಾಫಲ್ಲಿ ಅರ್ಧ ಎಂಬಿಪಿಎಸ್ ಕೂಡ ಕಾಣಲ್ಲ.

ಈ ಬಗ್‌ನ ಅಪಾಯ ಇರೋದು ಇಲ್ಲೇ. ಕ್ರ್ಯಾಶ್ ಆಗಲ್ಲ, ಲಾಗಲ್ಲಿ ಒಂದು ಸಾಲೂ ಬರಲ್ಲ. 85 ಅನ್ನೋದು ಯಾರಿಗೂ ಅನುಮಾನ ಬರದ ನಂಬರ್. ಕೆಲವು ಕಡೆ ಇದೇ ಕೌಂಟರ್ ನೋಡಿ ಬಿಲ್ ಹಾಕ್ತಾರೆ, ಇದೇ ನೋಡಿ ಮುಂದಿನ ವರ್ಷ ಲಿಂಕ್ ದೊಡ್ಡದು ಮಾಡ್ಬೇಕಾ ಅಂತ ತೀರ್ಮಾನ ಮಾಡ್ತಾರೆ. ಹಾಗಾಗಿ ತಾನಾಗೇ ಕಾಣ್ಲಿ ಅಂತ ಕಾಯೋ ಹಾಗಿಲ್ಲ, ನಾವೇ ಕೌಂಟರನ್ನ ಅಂಚಿಗೆ ತಗೊಂಡೋಗಿ ನಿಲ್ಲಿಸಿ ದಾಟಿಸಿ ನೋಡ್ಬೇಕು.

ಅಂಚಿಗೆ ತಗೊಂಡೋಗೋದು ಹೇಗೆ? ಸುಲಭದ ದಾರಿ ಅಂದ್ರೆ ಎರಡು ಮಷಿನ್ ನೇರ ಕೇಬಲಲ್ಲಿ ಜೋಡಿಸಿ ಟ್ರಾಫಿಕ್ ಸುರಿಯೋದು. ಗಿಗಾಬಿಟ್‌ಗೆ ಬೈಟ್ ಕೌಂಟರ್ ಅರ್ಧ ನಿಮಿಷದಲ್ಲಿ ಸುತ್ತತ್ತೆ, ಪ್ಯಾಕೆಟ್ ಕೌಂಟರ್‌ಗೆ ಸ್ವಲ್ಪ ತಾಳ್ಮೆ ಬೇಕು, 64 ಬೈಟಿನ ಚಿಕ್ಕ ಫ್ರೇಮ್, ಅಂದ್ರೆ ಕೇಬಲ್ ಮೇಲೆ ಹೋಗೋ ರೂಪದ ಪ್ಯಾಕೆಟ್, ಆದ್ರೆ ಸೆಕೆಂಡಿಗೆ 14,88,095 ಹೋಗ್ತವೆ, ಹಾಗೆ ಓಡಿಸಿದ್ರೂ 48 ನಿಮಿಷ. ಊಟಕ್ಕೆ ಹೋಗಿ ಬರಬಹುದು. ಆದ್ರೆ ಎರರ್ ಕೌಂಟರ್? 429 ಕೋಟಿ ಸಿಆರ್‌ಸಿ ಎರರ್, ಅಂದ್ರೆ ಚೆಕ್‌ಸಮ್ ತಾಳೆ ಆಗದ ಕೆಟ್ಟ ಫ್ರೇಮ್, ಯಾರು ಹುಟ್ಟಿಸ್ತಾರೆ? ಅದನ್ನ ಯಾರೂ ಟೆಸ್ಟ್ ಮಾಡಲ್ಲ, ಕೋಡ್ ಮಾತ್ರ ಬೈಟ್ ಕೌಂಟರ್‌ದನ್ನೇ ಕಾಪಿ ಹೊಡೆದಿರ್ತಾರೆ, ಕಾಪಿ ಹೊಡೀವಾಗ ಒಂದು ಕಡೆ ಟೈಪ್ ತಪ್ಪಿರತ್ತೆ.

ಅದಕ್ಕೆ ಎರಡನೇ ದಾರಿ, ಕೌಂಟರನ್ನ ಸೊನ್ನೆಯಿಂದ ಶುರು ಮಾಡದೇ ಅಂಚಿನ ಹತ್ತಿರದಿಂದಲೇ ಶುರು ಮಾಡೋದು. ಇದು ನಾನು ಕಂಡುಹಿಡಿದಿದ್ದಲ್ಲ, ಲಿನಕ್ಸ್ ಕರ್ನಲಲ್ಲೇ ಇದೆ. ಜಿಫೀಸ್ ಅನ್ನೋ ಟೈಮರ್ ಕೌಂಟರ್ ಇದ್ಯಲ್ಲ, ಅದನ್ನ ಬೇಕಂತಲೇ ಮೈನಸ್ 300 ಸೆಕೆಂಡಿಗೆ ಇಟ್ಟು ಬೂಟ್ ಮಾಡ್ತಾರೆ, ಅಂದ್ರೆ 32 ಬಿಟ್ ಮಷಿನಲ್ಲಿ ಬೂಟ್ ಆದ 5 ನಿಮಿಷಕ್ಕೇ ಕೌಂಟರ್ ಸುತ್ತತ್ತೆ. ಸುತ್ತು ಸರಿಯಾಗಿ ನೋಡ್ಕೊಳ್ದೇ ಇರೋ ಡ್ರೈವರ್ ಡೆವಲಪರ್ ಟೇಬಲ್ ಮೇಲೇ ಕೆಟ್ಟುಹೋಗ್ಲಿ, ಎಷ್ಟೋ ದಿನ ಆದ್ಮೇಲೆ ಯಾರದ್ದೋ ಸರ್ವರಲ್ಲಿ ಬೇಡ ಅಂತ. ನನಗೆ ಇಡೀ ಕರ್ನಲಲ್ಲಿ ಬಹಳ ಇಷ್ಟವಾದ ಒಂದು ಸಾಲು ಅಂದ್ರೆ ಇದೇ. ಕೆಲವು ಚಿಪ್ ಮಾಡೋರಿಗೂ ಈ ಯೋಚನೆ ಬಂದಿದೆ, ಸಿನಾಪ್ಸಿಸ್‌ನ ಡಿಸೈನ್‌ವೇರ್ ಈಥರ್ನೆಟ್ ಬ್ಲಾಕಲ್ಲಿ ಪ್ರಿಸೆಟ್ ಅಂತ ಬಿಟ್ ಇದೆ, ಅದನ್ನ ಆನ್ ಮಾಡಿದ್ರೆ ಕೌಂಟರ್‌ಗಳೆಲ್ಲ ಅರ್ಧದ ಹತ್ತಿರಕ್ಕೋ ಪೂರ್ತಿಯ ಹತ್ತಿರಕ್ಕೋ ಹೋಗಿ ಕೂರ್ತವೆ, ಕೆಲವೇ ಪ್ಯಾಕೆಟ್ ಕಳಿಸಿದ್ರೆ ಸಾಕು. ಇಂಥ ಸೌಕರ್ಯ ಇಲ್ಲದ ಚಿಪ್ ಆದ್ರೆ ಟೆಸ್ಟ್ ಬಿಲ್ಡಲ್ಲಿ ರಿಜಿಸ್ಟರ್ (ಚಿಪ್ ಒಳಗೆ ಕೌಂಟರ್ ಇರೋ ಜಾಗ) ಓದೋ ಫಂಕ್ಷನ್‌ಗೆ ಒಂದು ಆಫ್‌ಸೆಟ್ ಕೂಡಿಸಿ, ಮೇಲಿನ ಕೋಡ್‌ಗೆ ಅಂಚಿನ ನಂಬರ್ ಕಾಣೋ ಹಾಗೆ ಮಾಡಿ.

ಇನ್ನೊಂದು ವಿಷಯ, ಎಲ್ಲಾ ಹಾರ್ಡ್‌ವೇರೂ ಸುತ್ತಲ್ಲ. ಇಂಟೆಲ್‌ನ ಹಳೇ ಗಿಗಾಬಿಟ್ ಚಿಪ್‌ಗಳಲ್ಲಿ ಸ್ಟ್ಯಾಟ್ಸ್ ರಿಜಿಸ್ಟರ್ ಓದಿದ ತಕ್ಷಣ ಸೊನ್ನೆ ಆಗತ್ತೆ, ತುಂಬಿದ್ರೆ ಗರಿಷ್ಠದಲ್ಲೇ ಅಂಟ್ಕೊಂಡು ನಿಲ್ಲತ್ತೆ. ಆಮೇಲೆ ಬಂದ 40 ಗಿಗಾಬಿಟ್ ಚಿಪ್‌ಗಳಲ್ಲಿ ಕೆಲವು ಕೌಂಟರ್ 48 ಬಿಟ್, ಕೆಲವು 32 ಬಿಟ್. ಅಂದ್ರೆ ಒಬ್ಬ ತಾತ ಇಪ್ಪತ್ತಕ್ಕೆ ಸುತ್ತಿದ್ರೆ ಇನ್ನೊಬ್ಬ ನೂರಕ್ಕೆ ಸುತ್ತುತಾನೆ, ಮತ್ತೊಬ್ಬ ಇಪ್ಪತ್ತು ಆದ್ಮೇಲೆ ಸುಮ್ನೆ ಕೂರ್ತಾನೆ. ಡೇಟಾಶೀಟ್ ಓದದೇ ಟೆಸ್ಟ್ ಬರೀಬೇಡಿ.

ಲೆಕ್ಕ ಮಾಡೋ ಕೋಡ್ ನೋಡೋಕೆ ತುಂಬಾ ಚಿಕ್ಕದು. ಹೊಸ ಓದು ಮೈನಸ್ ಹಳೇ ಓದು, ಕೌಂಟರ್ ಎಷ್ಟು ಬಿಟ್ಟೋ ಅಷ್ಟಕ್ಕೆ ಮಾಸ್ಕ್, ಅಂದ್ರೆ ಅದಕ್ಕಿಂತ ಮೇಲಿನ ಬಿಟ್‌ಗಳನ್ನ ಅಳಿಸೋದು. ಹಳೇದು 4,29,49,67,000 ಇದ್ದು ಹೊಸದು 500 ಆದ್ರೆ ಅನ್‌ಸೈನ್ಡ್, ಅಂದ್ರೆ ಮೈನಸ್ ಇಲ್ಲದ, 32 ಬಿಟ್ ಕಳೆಯೋದ್ರಲ್ಲಿ ಉತ್ತರ 796, ಸರಿಯಾಗೇ ಬರತ್ತೆ. ಅದನ್ನೇ ಯಾರೋ 64 ಬಿಟ್ ವೇರಿಯಬಲ್‌ಗಳಲ್ಲಿ ಕಳೆದು ಮಾಸ್ಕ್ ಹಾಕೋದು ಮರೆತ್ರೆ ದೈತ್ಯ ನಂಬರ್ ಬರತ್ತೆ, ಸೈನ್ಡ್ ಇಂಟಿಜರಲ್ಲಿ ಇಟ್ರೆ 2,14,74,83,648ಕ್ಕೇ ಮೈನಸ್ ಆಗ್ಬಿಡತ್ತೆ, ಅದಕ್ಕೇ ಪೂರ್ತಿ ಅಂಚಿನ ಜೊತೆ ಅರ್ಧದ ಅಂಚನ್ನೂ ದಾಟಿಸಿ ನೋಡ್ಬೇಕು ಅನ್ನೋದು. ಬೈಟನ್ನ ಬಿಟ್ ಮಾಡೋಕೆ 8ರಿಂದ ಗುಣಿಸೋರು 32 ಬಿಟ್‌ನಲ್ಲೇ ಗುಣಿಸಿದ್ರೆ 53,68,70,912 ಬೈಟ್‌ಗೇ ಒಡೆಯತ್ತೆ, 512 ಎಂಬಿ ಅಷ್ಟೇ. ಈ ಕಳೆಯೋ ಫಂಕ್ಷನನ್ನ ಡ್ರೈವರಿಂದ ಬೇರೆ ತೆಗೆದು ಬಿಟ್ ಅಗಲವನ್ನ ಪ್ಯಾರಾಮೀಟರ್ ಮಾಡಿ, 8 ಬಿಟ್ ಅಂತ ಕೊಟ್ಟು ಯೂನಿಟ್ ಟೆಸ್ಟ್ ಓಡಿಸಿ. 256 ಹಳೇ ಬೆಲೆ, 256 ಹೊಸ ಬೆಲೆ, ಎಲ್ಲಾ ಜೋಡಿನೂ ಒಂದು ಸೆಕೆಂಡ್ ಒಳಗೆ ಪರೀಕ್ಷೆ ಆಗೋಗತ್ತೆ, ಹಾರ್ಡ್‌ವೇರ್ ಬೇಕಾಗೇ ಇಲ್ಲ.

ಹಾರ್ಡ್‌ವೇರ್ ಬೇಕಾಗೋ ಕಷ್ಟದ ಬಗ್‌ಗಳು ಮೂರು ಥರ, ಮೂರೂ ಕಣದಲ್ಲೇ ಇವೆ.

ಹುಡುಗ ತೂಕಡಿಸೋದು ಮೊದಲ್ನೇದು. ಡ್ರೈವರ್ ಎರಡು ಸೆಕೆಂಡಿಗೊಂದ್ಸಲ ಹಾರ್ಡ್‌ವೇರ್ ಓದತ್ತೆ ಅಂದ್ಕೊಳ್ಳಿ, 10 ಗಿಗಾಬಿಟ್‌ಗೆ 3.4 ಸೆಕೆಂಡ್ ಇದೆ, ಸಾಕು ಅನ್ಸತ್ತೆ. ಆದ್ರೆ ಸಿಪಿಯು ಪೂರ್ತಿ ಬಿಜಿಯಾಗಿ ಆ ಕೆಲಸ ಏಳು ಸೆಕೆಂಡ್ ತಡ ಆದ್ರೆ ಎರಡು ಸುತ್ತು ಆಗೋಗಿರತ್ತೆ, ಡ್ರೈವರ್‌ಗೆ ಕಾಣೋದು ಹೆಚ್ಚಂದ್ರೆ ಒಂದೇ. ಅದಕ್ಕೆ ಟ್ರಾಫಿಕ್ ಜೊತೆಗೆ ಸಿಪಿಯು ಮೇಲೂ ಲೋಡ್ ಹಾಕಿ ಟೆಸ್ಟ್ ಮಾಡ್ಬೇಕು. ಖಾಲಿ ಮಷಿನಲ್ಲಿ ಪಾಸ್ ಆದ್ರೆ ಅದು ಪಾಸ್ ಅಲ್ಲ.

ಎರಡನೇದು, ತಾತ ಇಪ್ಪತ್ತು ಅಂದು ಲಾಭ ಅಂತ ಶುರು ಮಾಡಿದ್ದಾರೆ, ಹುಡುಗ ಇನ್ನೂ ಕಲ್ಲು ಇಟ್ಟಿಲ್ಲ, ಸರಿಯಾಗಿ ಆಗ್ಲೇ ಮನೆಯಿಂದ ಯಾರೋ ಬಂದು ಎಷ್ಟಾಯ್ತು ಅಂತ ಕೇಳ್ತಾರೆ. 32 ಬಿಟ್ ಪ್ರೊಸೆಸರಲ್ಲಿ 64 ಬಿಟ್ ನಂಬರ್ ಓದೋದು ಎರಡು ಸಲ, ಮೇಲಿನರ್ಧ ಒಮ್ಮೆ, ಕೆಳಗಿನರ್ಧ ಒಮ್ಮೆ. ಮಧ್ಯದಲ್ಲಿ ಬೇರೆ ಸಿಪಿಯು ಬರೆದ್ಬಿಟ್ರೆ ಒಂದು ಅರ್ಧ ಹಳೇದು ಇನ್ನೊಂದು ಹೊಸದು, ಲೆಕ್ಕ ಒಂದೇ ಕ್ಷಣಕ್ಕೆ ಪೂರ್ತಿ 4 ಜಿಬಿ ಮೇಲಕ್ಕೋ ಕೆಳಕ್ಕೋ ಹಾರತ್ತೆ, ಮುಂದಿನ ಸಲ ಓದಿದಾಗ ಮತ್ತೆ ಸರಿ ಇರತ್ತೆ. ಲಿನಕ್ಸಲ್ಲಿ 2010ರ ಸುಮಾರಿಗೆ 64 ಬಿಟ್ ಸ್ಟ್ಯಾಟ್ಸ್ ಬಂದಾಗ ಇದಕ್ಕಂತಲೇ ಯು64 ಸ್ಟ್ಯಾಟ್ಸ್ ಸಿಂಕ್ ಅನ್ನೋದನ್ನ ತಂದ್ರು, ಬರೆಯೋನು ಶುರು ಮತ್ತೆ ಮುಕ್ತಾಯಕ್ಕೆ ಗುರುತು ಹಾಕ್ತಾನೆ, ಓದೋನು ಗುರುತು ಬದಲಾಗಿದ್ರೆ ಮತ್ತೆ ಓದ್ತಾನೆ. ಆದ್ರೆ ಬರೆಯೋರು ಒಂದು ಹೊತ್ತಿಗೆ ಒಬ್ಬರೇ ಇರ್ಬೇಕು, ಇಬ್ಬರು ಒಟ್ಟಿಗೆ ಬರೆದ್ರೆ ಗುರುತು ಕೆಟ್ಟು ಓದೋನು ಲೂಪಲ್ಲೇ ಸಿಕ್ಕಾಕ್ಕೊಳ್ಳಬಹುದು. ಇದನ್ನ ಹಿಡಿಯೋಕೆ ಕೌಂಟರನ್ನ ಅಂಚಲ್ಲಿಟ್ಟು, ಒಂದು ಪ್ರೋಗ್ರಾಂ ಬಿಡುವಿಲ್ಲದೆ ಓದ್ತಾನೇ ಇರ್ಬೇಕು, ಪ್ರತಿ ಓದಿಗೂ ಎರಡೇ ಪ್ರಶ್ನೆ, ಹಿಂದಿನದಕ್ಕಿಂತ ಕಮ್ಮಿ ಆಯ್ತಾ, ಲಿಂಕ್ ಸ್ಪೀಡಿಗೆ ಸಾಧ್ಯವೇ ಇಲ್ಲದಷ್ಟು ಜಾಸ್ತಿ ಆಯ್ತಾ. ಒಂದು ಸಲ ಹೌದು ಅಂದ್ರೂ ಬಗ್.

ಮೂರನೇದು ನಾನು ಅತಿ ಹೆಚ್ಚು ನೋಡಿರೋದು. ತಾತ ಹನ್ನೆರಡು ಅಂತ ಹೇಳಿ ಎದ್ದು ಹೋದ್ರು, ಚಿಕ್ಕಪ್ಪ ಬಂದು ಲಾಭದಿಂದ ಶುರು ಮಾಡಿದ್ರು, ಹುಡುಗ ಸಂಖ್ಯೆ ಚಿಕ್ಕದಾಯ್ತಲ್ಲ ಅಂತ ಕಲ್ಲು ಇಟ್ಬಿಟ್ಟ. ಇಂಟರ್ಫೇಸ್ ಡೌನ್ ಮಾಡಿ ಅಪ್ ಮಾಡಿದಾಗ, ಸಸ್ಪೆಂಡ್ ಆಗಿ ಎದ್ದಾಗ, ಚಿಪ್ ರಿಸೆಟ್ ಆದಾಗ ಹಾರ್ಡ್‌ವೇರ್ ಕೌಂಟರ್ ಸೊನ್ನೆ ಆಗಬಹುದು, ಡ್ರೈವರ್ ಅದನ್ನ ಸುತ್ತು ಅಂತ ತಿಳಿದ್ರೆ ಇಲ್ಲದ ಗಿಗಾಬೈಟ್‌ಗಳು ಹುಟ್ಕೋತವೆ. ಹೊರಗಿನ ಮಾನಿಟರಿಂಗ್ ಟೂಲ್‌ಗೂ ಇದೇ ಗೊಂದಲ, ಅದು ಡಿವೈಸ್‌ನ ಅಪ್‌ಟೈಮ್ ನೋಡಿ ರೀಬೂಟ್ ಆಗಿದ್ಯಾ ಅಂತ ತಿಳ್ಕೋಬೇಕು, ಆ ಅಪ್‌ಟೈಮೂ ಎಸ್‌ಎನ್‌ಎಂಪಿಯಲ್ಲಿ, ಅಂದ್ರೆ ಡಿವೈಸ್‌ಗಳನ್ನ ಲೆಕ್ಕ ಕೇಳೋ ಪ್ರೋಟೋಕಾಲಲ್ಲಿ, ಸೆಕೆಂಡಿನ ನೂರನೇ ಭಾಗದಲ್ಲಿ ಎಣಿಸೋ 32 ಬಿಟ್ ಕೌಂಟರ್, 497 ದಿನಕ್ಕೆ ಅದೂ ಸುತ್ತತ್ತೆ.

ಡ್ರೈವರ್ ಸರಿ ಇದ್ರೂ ಮೇಲಿನವರು ತಪ್ಪಬಹುದು. ಪ್ರಿಂಟ್ ಮಾಡೋವಾಗ ತಪ್ಪು ಫಾರ್ಮ್ಯಾಟ್ ಹಾಕೋ ಟೂಲ್, 64 ಬಿಟ್ಟನ್ನ ಡಬಲ್ ಅನ್ನೋ ದಶಮಾಂಶ ಸಂಖ್ಯೆಯ ಟೈಪ್‌ಗೆ ಹಾಕೋ ಸ್ಕ್ರಿಪ್ಟ್, ಅದು 2ರ 53ನೇ ಘಾತ ದಾಟಿದ್ರೆ ಬಿಡಿ ಸಂಖ್ಯೆಗಳನ್ನ ಕಳ್ಕೊಳತ್ತೆ. ಹಾಗಾಗಿ ಅಂಚಿನ ನಂಬರನ್ನ ರಿಜಿಸ್ಟರಿಂದ ಹಿಡಿದು ಗ್ರಾಫ್ ತನಕ ಹರಿಸಿ ನೋಡಿ.

ಕೊನೇದಾಗಿ, ಲೆಕ್ಕ ತಾಳೆ ನೋಡೋ ವಿಷಯ. ಪ್ಯಾಕೆಟ್‌ಜೆನ್ ಅನ್ನೋ ಪ್ಯಾಕೆಟ್ ಹುಟ್ಟಿಸೋ ಟೂಲಲ್ಲಿ ನಿಗದಿತ ಸೈಜಿನ ಒಂದು ಕೋಟಿ ಪ್ಯಾಕೆಟ್ ಕಳಿಸಿ, ಎರಡೂ ಕಡೆ ಕೌಂಟರ್ ನೋಡಿ. ವ್ಯತ್ಯಾಸ ಬಂದ ತಕ್ಷಣ ಓವರ್‌ಫ್ಲೋ ಅಂತ ಕೂಗ್ಬೇಡಿ. ಪ್ಯಾಕೆಟ್‌ಗೆ ಸರಿಯಾಗಿ 4 ಬೈಟ್ ವ್ಯತ್ಯಾಸ ಇದ್ರೆ ಅದು ಫ್ರೇಮ್ ಕೊನೇ ಚೆಕ್‌ಸಮ್ ಒಂದು ಕಡೆ ಎಣಿಸಿ ಇನ್ನೊಂದು ಕಡೆ ಬಿಟ್ಟಿರೋದು. ವ್ಯತ್ಯಾಸ ಚಿಲ್ಲರೆ ಚಿಲ್ಲರೆಯಾಗಿದ್ರೆ ಪ್ಯಾಕೆಟ್ ಡ್ರಾಪ್ ಆಗಿರಬಹುದು. ವ್ಯತ್ಯಾಸವನ್ನ 4,29,49,67,296ರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದ್ರೆ ಯಾರೋ ಕಲ್ಲು ಇಟ್ಟಿಲ್ಲ, ಅಥವಾ ಒಂದು ಜಾಸ್ತಿ ಇಟ್ಟಿದ್ದಾರೆ, ಭಾಗಲಬ್ಧ ಎಷ್ಟೋ ಅಷ್ಟು ಸಲ. ಆ ರೌಟರ್ ಬೋರ್ಡಿನ ಬಗ್ ಕೊನೆಗೂ ಸಿಕ್ಕಿದ್ದು ಹೀಗೇ, ಆಚೆ ಕಡೆಯ ಸರ್ವರ್ ಲೆಕ್ಕ ಮೈನಸ್ ನಮ್ಮ ಲೆಕ್ಕ, ಭಾಗಿಸಿದ್ರೆ ಸರಿಯಾಗಿ 6.

ಇಲ್ಲಿ ಟೇಬಲ್ ಮೇಲೆ ಎರಡು ಬೋರ್ಡ್ ಇದೆ, ಒಂದರಲ್ಲಿ ಹಳೇ ಡ್ರೈವರ್, ಇನ್ನೊಂದರಲ್ಲಿ ಸರಿ ಮಾಡಿದ್ದು, ಎರಡರ ಕೌಂಟರೂ ಅಂಚಿಗೆ 2 ಜಿಬಿ ಹಿಂದೆ ಇಟ್ಟಿದ್ದೀನಿ. ಟ್ರಾಫಿಕ್ ಈಗ ಶುರು ಮಾಡ್ತೀನಿ, ಗಿಗಾಬಿಟ್ ಲಿಂಕು, 17 ಸೆಕೆಂಡ್‌ಗೆ ದಾಟತ್ತೆ, ಸ್ಕ್ರೀನಲ್ಲಿ ಎಡಗಡೆ ನಂಬರ್ ನೋಡ್ತಾ ಇರಿ.