ಬೋಳುಗುಡ್ಡದ ಮೇಲೆ ಸಸಿ ನೆಡುವ ಮುನ್ನ

ಅಧ್ಯಕ್ಷರೇ, ಪುಣೆಯ ಕನ್ನಡ ಬಂಧುಗಳೇ,

ನಾಳೆ ಬೆಳಿಗ್ಗೆ ನಿಮ್ಮಲ್ಲಿ ಹಲವರು ಸಸಿ ಹಿಡಿದು ಈ ಊರಿನ ಗುಡ್ಡ ವೇತಾಳ ಟೇಕಡಿಯನ್ನು ಹತ್ತುವವರಿದ್ದೀರಿ. ಆದ್ದರಿಂದಲೇ ಇಂದು ಈ ಮಾತು ಹೇಳಲೇಬೇಕಾಗಿದೆ: ಬೋಳಾಗಿ ಕಾಣುವ ಗುಡ್ಡವೆಲ್ಲ ಯಾರೋ ಕಾಡು ಕಡಿದ ಗುಡ್ಡವಲ್ಲ.

ಊಟಿಯ ಸುತ್ತ ಕಣಿವೆಗಳಲ್ಲಿ ದಟ್ಟವಾಗಿ ಬೆಳೆವ ಶೋಲಾ ಕಾಡನ್ನೂ ಅದರ ನಡುವಿನ ಹುಲ್ಲುಗಾವಲನ್ನೂ ನೀವು ನೋಡಿದ್ದೀರಿ. ಆ ಹುಲ್ಲು ಸಹಜವೋ, ಜನ ಕಾಡು ಸುಟ್ಟು ದನ ಮೇಯಿಸಿದ್ದರಿಂದ ಬಂದದ್ದೋ ಎಂಬ ವಾದ ಬಹಳ ಹಳೆಯದು. ಉತ್ತರ ಹುಡುಕಿದ್ದು ಕಣಿವೆಯ ತಳದ ಪೀಟ್‌ನಲ್ಲಿ. ನೀರು ನಿಂತು ಗಾಳಿಯಾಡದ ಜೌಗಿನಲ್ಲಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂತ ಕಪ್ಪು ಮಣ್ಣು ಅದು. ಆಯಾ ಕಾಲದ ಪರಾಗವೂ ಆಯಾ ಪದರದಲ್ಲೇ ಉಳಿದಿರುತ್ತದೆ.

ಆ ಪರಾಗದ ಗಟ್ಟಿತನವನ್ನು ಸ್ವಲ್ಪ ಕೇಳಿ. ಚಿಟಿಕೆ ಪೀಟನ್ನು ಮೊದಲು ಕ್ಷಾರದಲ್ಲಿ ಬಿಸಿ ಮಾಡುತ್ತಾರೆ. ಮರಳಿನ ಕಣ ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಹಾಕುತ್ತಾರೆ. ಅದು ಗಾಜನ್ನೇ ತಿನ್ನುವ ಆಮ್ಲ. ಪ್ಲಾಸ್ಟಿಕ್ ಪಾತ್ರೆಯೇ ಬೇಕು. ಅಷ್ಟಾದರೂ ಸ್ಪೋರೊಪೊಲೆನಿನ್ ಎಂಬ ವಸ್ತುವಿನ, ಪರಾಗದ ಹೊರಕವಚ ಜಗ್ಗುವುದಿಲ್ಲ! ಸೂಕ್ಷ್ಮದರ್ಶಕದಡಿ ಮುಳ್ಳು, ರಂಧ್ರ, ಜಾಲರಿ ಎಲ್ಲವೂ ಸ್ಪಷ್ಟ. 1916ರಲ್ಲಿ ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಹೀಗೆ ಪದರವಾರು ಎಣಿಸಿದ ಪರಾಗದ ಶೇಕಡಾವಾರು ನಕ್ಷೆಯನ್ನು ವಿದ್ವಾಂಸರ ಮುಂದಿಟ್ಟರು. ಅದೂ ಒಂದು ಉಪನ್ಯಾಸವೇ ಎಂಬುದು ನನಗೆ ಬಲು ಪ್ರಿಯವಾದ ಸಂಗತಿ.

ಆದರೆ ಹುಲ್ಲಿನ ಪರಾಗದಲ್ಲಿ ಒಂದು ತೊಡಕಿದೆ. ದುಂಡಗಿನ ಕಾಳು, ಒಂದೇ ರಂಧ್ರ. ಯಾವ ಹುಲ್ಲು ಎಂದು ಬಿಡಿಸಿ ಹೇಳುವುದು ಕಷ್ಟ. ಇಲ್ಲಿ ಇಂಗಾಲದ ಸಮಸ್ಥಾನಿಗಳು, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ಪರಮಾಣುಗಳು, ನೆರವಿಗೆ ಬರುತ್ತವೆ. ಉಷ್ಣವಲಯದ ಅನೇಕ ಹುಲ್ಲುಗಳು ಇಂಗಾಲ ಹಿಡಿಯುವ ರೀತಿ ಮರಗಳದ್ದಕ್ಕಿಂತ ಬೇರೆ, ಅದರ ಗುರುತು ಪೀಟ್‌ನಲ್ಲಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಆನೆಗಳ ಅಧ್ಯಯನದ ಸುಕುಮಾರ್ ಎಂದರೆ ನಿಮಗೆ ಬೇಗ ತಿಳಿದೀತು, ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ಪ್ರಕಟಿಸಿದರು. ಸುಮಾರು 20,000ದಿಂದ 16,000 ವರ್ಷಗಳ ಹಿಂದೆ ಹವೆ ಒಣಗಿತ್ತು, ನೀಲಗಿರಿಯಲ್ಲಿ ಹುಲ್ಲಿನದೇ ಮೇಲುಗೈ. ಆಗ ಉಳುವವನೂ ಇರಲಿಲ್ಲ, ದನ ಸಾಕುವವನೂ ಇರಲಿಲ್ಲ. ಮುಂದೆ ಮಳೆ ಹೆಚ್ಚಿ, 11,000 ವರ್ಷಗಳ ಹಿಂದಿನ ಹೊತ್ತಿಗೆ ಮರಗಿಡಗಳ ಗುರುತು ಬಲವಾಯಿತು. ಆಮೇಲೆ ಮತ್ತೆ ಹುಲ್ಲು. ಅಂಥ ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬಗೆದು ಹೊರದೇಶದ ಮರಗಳಾದ ವ್ಯಾಟಲ್ (ಒಂದು ಬಗೆಯ ಅಕೇಶಿಯಾ), ನೀಲಗಿರಿ ಮರ (ಯೂಕಲಿಪ್ಟಸ್) ನೆಟ್ಟರು. ಬೋಳೆಂದರೆ ಕಡಿದದ್ದು ಎಂಬ ಅದೇ ಊಹೆ!

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕಾರವಾರದಾಚೆ ಕಡಲತಳದಲ್ಲಿ ಸಿಕ್ಕ ಪರಾಗದ ಕಥೆ ಇನ್ನೊಮ್ಮೆ ಹೇಳುತ್ತೇನೆ.

ನೀಲಗಿರಿಯ ಪೀಟ್ ಪುಣೆಯ ಗುಡ್ಡದ ಚರಿತ್ರೆ ಹೇಳುವುದಿಲ್ಲ, ನಿಜ. ಆದರೆ ಟೇಕಡಿಯ ಮೇಲೆ ಈಗಾಗಲೇ ನೆಟ್ಟಿರುವ ಗ್ಲಿರಿಸಿಡಿಯಾ, ನಮ್ಮ ಊರಿನ ಗೊಬ್ಬರದ ಗಿಡ, ಹೊರದೇಶದ್ದು. ನಾಳೆ ಹುಲ್ಲಿರುವ ಇಳಿಜಾರಿನಲ್ಲಿ ದಯವಿಟ್ಟು ಗುಂಡಿ ತೋಡಬೇಡಿ. ತಂದ ಸಸಿಗಳನ್ನು ಕೆಳಗಿನ ರಸ್ತೆಯ ಅಂಚಿಗೆ ನೆಡೋಣ. ನೀರು ಹೊರಲು ನಾನೂ ಬರುತ್ತೇನೆ.